ಬಾಗಿಲು ಹಾಕಿದ ಊರಿನಲ್ಲಿ ಮೊಮ್ಮಗಳ ಬೈಕು

ಹೊಸಹಳ್ಳಿಯ ತರಕಾರಿ ಗಾಡಿಯವನಿಂದ ಹಿಡಿದು ಮೆಟ್ರೋದಲ್ಲಿ ಪಕ್ಕ ಕೂತವರವರೆಗೆ ಎಲ್ಲರಿಗೂ ಹೇಳಿಯಾಗಿದೆ: ನನ್ನ ಮೊಮ್ಮಗಳು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಲಾವೋಸ್ ದೇಶದ ಬೆಟ್ಟ ಸುತ್ತಿಸಿದಳು! ಎಷ್ಟು ಹೇಳಿದರೂ ಸಾಲುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಗೇರಿನ ಬೈಕು ಕಲಿತದ್ದೇ ಆ ವರ್ಷ, ನಾಗರಬಾವಿಯ ಖಾಲಿ ರಸ್ತೆಗಳಲ್ಲಿ. ಲಾವೋಸಿನಲ್ಲಿ ನೋಡಿದರೆ ಬರೀ ಬೆಟ್ಟದ ದಾರಿ. ಮೊದಲ ದಿನವೇ ಒಂದು ಇಳಿಜಾರಿನಲ್ಲಿ ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದು ಇಬ್ಬರನ್ನೂ ಕೆಸರಿಗೆ ಬೀಳಿಸಿದಳು. ನನಗೇನೂ ಆಗಲಿಲ್ಲ, ಅವಳ ಧೈರ್ಯ ಮಾತ್ರ ಹೋಯಿತು.

"ಅಜ್ಜಿ, ಮುಂದಿನ ಊರಲ್ಲಿ ಈ ಬಾಡಿಗೆ ಬೈಕ್ ವಾಪಸ್ ಕೊಟ್ಬಿಡ್ತೀನಿ. ಬಸ್ಸಲ್ಲಿ ಹೋಗೋಣ. ನಿನ್ನನ್ನ ಹಿಂದೆ ಕೂರಿಸ್ಕೊಂಡು ಇಳಿಯೋಕೆ ನನ್ ಕೈಲಾಗಲ್ಲ," ಎಂದಳು.

ಅಷ್ಟು ಆಸೆಪಟ್ಟು ಬಂದ ಹುಡುಗಿ ಹೆದರಿಕೊಂಡೇ ಮನೆಗೆ ಮರಳುತ್ತಾಳಲ್ಲ ಎಂಬ ಸಂಕಟ ನನಗೆ.

ಮಾರನೆಯ ದಿನ ಮಧ್ಯಾಹ್ನ, ಆ ಊರು ಇನ್ನೂ ದೂರವಿರುವಾಗಲೇ, ಮಂಜು ಕವಿಯಿತು. ದಾರಿ ಕೇಳಲು ಒಂದು ನರಪಿಳ್ಳೆಯಿಲ್ಲ. ಕಡಿದಾದ ಏರಿನ ತುದಿಯಲ್ಲಿ ಒಂದು ಹಳ್ಳಿ ಕಂಡಿತು. ಊರ ಬಾಗಿಲಲ್ಲಿ ಎರಡು ಕಂಬ, ನಡುವೆ ಹಗ್ಗ, ಹಗ್ಗದ ತುಂಬ ಹಸಿರು ಸೊಪ್ಪು, ಬಿದಿರಿನಲ್ಲಿ ಹೆಣೆದ ನಕ್ಷತ್ರಗಳು.

"ತೋರಣ ಕಟ್ಟವ್ರೆ ಕಣೇ! ಹಬ್ಬ ಇರ್ಬೇಕು. ನಡಿ, ಊಟನೂ ಹಾಕ್ತಾರೆ," ಎಂದೆ. ತಲೆ ಬಗ್ಗಿಸಿಕೊಂಡು ಅದರ ಕೆಳಗೆ ನುಗ್ಗಿದೆವು.

ಒಳಗೆ ಯಾರೂ ಇಲ್ಲ. ಬಿದಿರಿನ ಮನೆಗಳ ಬಾಗಿಲೆಲ್ಲ ಮುಚ್ಚಿವೆ. ಯಾವ ಸೂರಿನಿಂದಲೂ ಹೊಗೆಯಿಲ್ಲ. ನಾಯಿಗಳು ಮಲಗಿದ್ದವು, ಕಣ್ಣು ಬಿಟ್ಟು ನಮ್ಮನ್ನು ನೋಡಿದವು, ಬೊಗಳಲಿಲ್ಲ. ಮೊಮ್ಮಗಳು ಗಾಬರಿಗೆ ಕ್ಲಚ್ಚು ಬಿಟ್ಟಳು, ಎಂಜಿನ್ ಆಫಾಯಿತು.

ಆಗ ಗೊತ್ತಾಯಿತು, ಮನೆಗಳು ಖಾಲಿಯಲ್ಲ. ಬಿದಿರಿನ ಗೋಡೆಯ ಸೀಳುಗಳಲ್ಲೆಲ್ಲ ಕಣ್ಣುಗಳಿದ್ದವು. ಹತ್ತಿರದ ಕಿಂಡಿಯಲ್ಲಿ ನನ್ನ ವಯಸ್ಸಿನ ಒಬ್ಬಾಕೆ. ಬಾಯಿಯ ಮೇಲೆ ಅಂಗೈ ಇಟ್ಟುಕೊಂಡು, ನಾವು ಬಂದ ದಾರಿಯತ್ತ ಗದ್ದ ಎತ್ತಿ ತೋರಿಸಿದಳು.

ತಟ್ಟನೆ ಹೊಳೆಯಿತು. ಕೆಂಗೇರಿ ಕಡೆಯ ನನ್ನ ತವರಿನಲ್ಲಿ ಮಾರಿಯನ್ನು ಎಲ್ಲೆ ದಾಟಿಸುವ ದಿನವೂ ಹೀಗೆಯೇ. ಒಲೆ ಹಚ್ಚುವಂತಿಲ್ಲ, ಒರಳಲ್ಲಿ ರುಬ್ಬುವಂತಿಲ್ಲ, ಹೊರಗಿನವರು ಕಾಲಿಡುವಂತಿಲ್ಲ. ನಮ್ಮಲ್ಲಿ ತಮಟೆ ಹೊಡೆದು ಸಾರುತ್ತಿದ್ದರು. ಇವರು ಸೊಪ್ಪು ಕಟ್ಟಿ ಹೇಳಿದ್ದರು. ಅದು ಬನ್ನಿ ಎನ್ನುವ ತೋರಣವಲ್ಲ, ಬರಬೇಡಿ ಎನ್ನುವ ಬೇಲಿ.

ಮೊಮ್ಮಗಳ ಬೆರಳು ಸ್ಟಾರ್ಟರಿನತ್ತ ಹೋಯಿತು. ಗಪ್ಪನೆ ಹಿಡಿದುಕೊಂಡೆ.

"ಸದ್ದು ಮಾಡ್ಬೇಡ ಕಣೇ. ಊರ ಬಾಗ್ಲು ಹಾಕವ್ರೆ. ತಿರುಗ್ಸಿ, ಸುಮ್ನೆ ಉರುಳಿಸ್ಕೊಂಡು ಇಳ್ಸು."

ಇಬ್ಬರೂ ಇಳಿದು ಬೈಕು ತಿರುಗಿಸಿದೆವು. ಅವಳು ಹತ್ತಿದಳು, ಹಿಂದೆ ನಾನೂ ಹತ್ತಿ ಕೂತೆ.

"ಎಂಜಿನ್ ಇಲ್ದೆ ಆ ಇಳಿಜಾರಲ್ಲಾ? ನೀನು ನಡ್ಕೊಂಡು ಬಾ ಅಜ್ಜಿ," ಎಂದು ಪಿಸುಗುಟ್ಟಿದಳು.

"ನಾನು ಕೂತೇ ಬರೋದು."

"ಬೀಳಿಸ್ಬಿಟ್ರೆ?"

"ಮೆತ್ತಗೆ ಬೀಳೋಣ. ಸದ್ದಾಗ್ಬಾರ್ದು, ಅಷ್ಟೆ."

ಅಷ್ಟು ಭಯದಲ್ಲೂ ಅವಳ ಭುಜ ನಗುವಿಗೆ ಕುಲುಕಿತು.

ಬೈಕು ಮಂಜಿನೊಳಗೆ ಉರುಳತೊಡಗಿತು. ಟೈರಿನ ಕೆಳಗೆ ಕೆಸರು ಪಿಚಕ್ಕೆನ್ನುವುದೂ ಕೇಳುತ್ತಿತ್ತು. ಸೀಳುಗಳಲ್ಲಿ ಕಣ್ಣುಗಳು ನಮ್ಮ ಜೊತೆಯೇ ಸರಿದವು. ಸೊಪ್ಪು ನನ್ನ ಹೆಲ್ಮೆಟ್ಟನ್ನು ಸವರಿತು. ಆಮೇಲೆ ಇಳಿಜಾರು. ಹಿಂದಿನ ಚಕ್ರ ಒಮ್ಮೆ ಪಕ್ಕಕ್ಕೆ ಜಾರಿತು. ಅವಳು ಮುಂದಿನ ಬ್ರೇಕಿಗೆ ಕೈ ಹಾಕಲಿಲ್ಲ. ಹಿಂದಿನದನ್ನೇ ಕಾಲಲ್ಲಿ ಇಷ್ಟಿಷ್ಟೇ ಒತ್ತುತ್ತಾ ತಿರುವು ದಾಟಿಸಿದಳು.

ಮೇಲೆ ಊರಿನಲ್ಲಿ ಒಂದೇ ಒಂದು ಡೋಲು ನಿಧಾನವಾಗಿ ಶುರುವಾಯಿತು, ಬೆನ್ನಿಗೆ ಬಿದ್ದು ಅಟ್ಟುವಂತೆ. ನಾನು ತಿರುಗಿ ನೋಡಲಿಲ್ಲ.

"ಸ್ಟಾರ್ಟ್ ಮಾಡ್ಲಾ ಅಜ್ಜಿ?"

"ಬೇಡ ತಾಳು. ಇವರ ಎಲ್ಲೆ ಎಲ್ಲಿವರ್ಗೂ ಇದೆಯೋ."

"ಹಂಗಾದ್ರೆ ಕೆಳಗಿನವರ್ಗೂ ಹಿಂಗೇ ಇಳಿಸ್ತೀನಿ. ಗಟ್ಟಿಯಾಗಿ ಹಿಡ್ಕೊ."

ದನಿಯಲ್ಲಿ ನಡುಕವೇ ಇರಲಿಲ್ಲ! ಕೂಗಿಬಿಡುವಷ್ಟು ಸಂತೋಷ ಉಕ್ಕಿತು. ತುಟಿ ಕಚ್ಚಿಕೊಂಡು, ಹೆಲ್ಮೆಟ್ಟಿನೊಳಗೇ ಅಳುತ್ತಾ ನಗುತ್ತಾ, ಅವಳ ಸೊಂಟವನ್ನು ಬಿಗಿಯಾಗಿ ಹಿಡಿದೆ.