ಬೇತೆ ಇಲ್ಲ್

ಪೂವಮ್ಮನ ಸೊತ್ತೆಂದರೆ ಒಂದು ಚಾಪೆ, ಅದರೊಳಗೆ ಸುತ್ತಿದ ಎರಡು ಸೀರೆ. ಬೆಳಿಗ್ಗೆ ಎದ್ದ ಕೂಡಲೇ ಚಾಪೆ ಸುತ್ತಿ, ಹಗ್ಗ ಬಿಗಿದು, ಬಾಗಿಲ ಬಳಿ ನಿಲ್ಲಿಸುತ್ತಿದ್ದಳು.

“ಒಳಗೆ ಇಡು ಮಾರಾಯ್ತಿ, ಯಾರೂ ಕದಿಯುವುದಿಲ್ಲ” ಎಂದೆ ಒಮ್ಮೆ.

“ಕಳ್ಳರ ಹೆದರಿಕೆ ಅಲ್ಲ ಬಾಯಮ್ಮ. ಹೊರಡುವಾಗ ಹುಡುಕಬಾರದಲ್ಲ.”

ಅದು ಐವತ್ತೆಂಟನೆಯ ಇಸವಿ. ಮೂಡುಬಿದಿರೆಯಲ್ಲಿ ನಮ್ಮ ಕ್ರೈಸ್ತ ಸಭೆಯ ದೇವಾಲಯದ ಹಿಂದೆ ನನ್ನ ಮನೆ; ಊರವರಿಗೆ ನಾನು ಬಾಯಮ್ಮ. ಭತ್ತ ಕುಟ್ಟಲು, ನೀರು ಸೇದಲು ಬಂದ ಪೂವಮ್ಮ ನನ್ನಲ್ಲಿಯೇ ಉಳಿದಿದ್ದಳು. ನಲ್ವತ್ತರ ಹತ್ತಿರದ ಪ್ರಾಯ. ಒನಕೆ ಹಿಡಿದರೆ ಎರಡಾಳಿನ ಕೆಲಸ ಮಾಡುವಳು. ಆದರೆ ಕೂರಲು ಹೇಳಿದರೆ ಕಷ್ಟ. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಯೇ ಇರುತ್ತಿತ್ತು, ಯಾರೋ ಹೊರಗಿನಿಂದ ಕರೆಯುವವರಿದ್ದಾರೆ ಎಂಬಂತೆ.

ಅವಳ ಕಥೆ ನನಗೆ ತುಂಡುತುಂಡಾಗಿ ತಿಳಿಯಿತು. ಹುಟ್ಟೂರು ಕಕ್ಕಿಂಜೆ. ಅಕ್ಕ ಸೇಸಮ್ಮನನ್ನು ನೋಡಲು ಬಂದ ಗಂಡು, ಮಜ್ಜಿಗೆ ತಂದುಕೊಟ್ಟ ತಂಗಿಯನ್ನು ಒಪ್ಪಿದ. ಹಿರಿಯರು ಅದಕ್ಕೂ ಹೂಂಗುಟ್ಟಿದರು. ಅಕ್ಕ ಮದುವೆಯ ದಿನ ಒಂದೇ ಮಾತು ಆಡಿದಳಂತೆ: “ಇನ್ನು ಈ ಮನೆಯ ಮೆಟ್ಟಿಲು ಹತ್ತಬೇಡ.” ಕೆಲವೇ ವರ್ಷಗಳಲ್ಲಿ ಗಂಡ ಚಳಿಜ್ವರಕ್ಕೆ ತೀರಿಕೊಂಡ. ಪೂವಮ್ಮ ತವರಿಗೆ ಹೋಗಲಿಲ್ಲ. ಬಂಟ್ವಾಳದಲ್ಲಿ ಒಂದು ಹೋಟೆಲಿನ ಹಿತ್ತಲು, ಬೆಳ್ತಂಗಡಿಯಲ್ಲಿ ವಕೀಲರ ಮನೆ, ಹೀಗೆ ಊರೂರು ತಿರುಗಿದಳು. “ಸ್ವಲ್ಪ ಸಮಯ ಆದರೆ ನೆಲ ಚುಚ್ಚಲಿಕ್ಕೆ ಶುರು ಮಾಡ್ತದೆ” ಎನ್ನುತ್ತಿದ್ದಳು.

ಬುಧವಾರ ಮಧ್ಯಾಹ್ನ ನೆರೆಯ ಹೆಂಗಸರು ನನ್ನ ಜಗಲಿಯಲ್ಲಿ ಸೇರುವ ರೂಢಿ. ನಾನು ದೇವರ ವಾಕ್ಯವನ್ನು ಕನ್ನಡದಲ್ಲಿ ಓದಿ ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದೆ. ಮಳೆಗಾಲ ಮುಗಿದ ಮೇಲೆ ಒಂದು ಬುಧವಾರ ಯಾಕೋಬನ ಕಥೆ. ಅಣ್ಣ ಏಸಾವನಿಗೆ ಸಲ್ಲಬೇಕಾದ ಆಶೀರ್ವಾದವನ್ನು ತಾನು ಪಡೆದು, ಅವನ ಸಿಟ್ಟಿಗೆ ಹೆದರಿ ಮನೆ ಬಿಟ್ಟು ಓಡಿದ ಎನ್ನುವಾಗ ಒಳಗೆ ಒನಕೆಯ ಸದ್ದು ನಿಂತಿತು. ಪೂವಮ್ಮ ಬಂದು ಹೊಸ್ತಿಲ ಮೇಲೆ ಕೂತಳು. ದಾರಿಯಲ್ಲಿ ಕತ್ತಲಾದದ್ದು, ಕಲ್ಲನ್ನೇ ತಲೆದಿಂಬು ಮಾಡಿ ಮಲಗಿದ್ದು, ಕನಸಿನಲ್ಲಿ ದೇವದೂತರು ಏಣಿ ಹತ್ತಿ ಇಳಿದದ್ದು, ಎಲ್ಲ ಕೇಳಿದಳು. ಬೆಳಿಗ್ಗೆ ಯಾಕೋಬ ಆ ಸ್ಥಳಕ್ಕೆ ಬೇತೇಲ್ ಎಂದು ಹೆಸರಿಟ್ಟ ಎಂದೆ. “ಬೇತೇಲ್, ಬೇತೇಲ್” ಎಂದು ಬಾಯಲ್ಲೇ ಹೇಳಿಕೊಂಡಳು. ಅರ್ಥ ಹೇಳುವ ಮೊದಲೇ ಅಕಾಲದ ಮಳೆ ಬಂತು. ಅಂಗಳದ ಭತ್ತ ಬಾಚಲು ಎಲ್ಲರೂ ಎದ್ದೆವು.

ಮರುದಿನ ಬೆಳಿಗ್ಗೆ ಬಾಗಿಲ ಬಳಿ ಚಾಪೆ ಇರಲಿಲ್ಲ.

ಚಳಿಗಾಲ ಕಳೆದ ಮೇಲೆ ಫರಂಗಿಪೇಟೆಯಿಂದ ಒಣಮೀನು ಮಾರಲು ಬರುವ ಜೈನಬಮ್ಮ ಸುದ್ದಿ ತಂದಳು.

“ನಿಮ್ಮ ಪೂವಮ್ಮ ನಮ್ಮ ಕೇರಿಯಲ್ಲಿ ಉಂಟು ಬಾಯಮ್ಮ. ಬಂದ ಮೇಲೆ ಇದು ಮೂರನೆಯ ಮನೆ. ಯಾಕೆ ಬಿಟ್ಟೆ ಅಂತ ಕೇಳಿದರೆ, ಬಾಯಮ್ಮನ ದೇವರು ಹೇಳಿದ್ದಾನೆ ಅಂತಾಳೆ.”

“ಏನು ಹೇಳಿದ್ದಾನಂತೆ?”

“ಬೇತೆ ಇಲ್ಲ್. ಕೆಲಸದವರನ್ನು ಓಡಿಸುವ ದೇವರು ನಿಮ್ಮದು, ಭಾರೀ ಒಳ್ಳೆಯದಾಯಿತು.”

ತುಳುವಿನಲ್ಲಿ ಬೇತೆ ಎಂದರೆ ಬೇರೆ, ಇಲ್ಲ್ ಎಂದರೆ ಮನೆ. ನನಗೆ ನಗು ಬಂತು, ಅದರ ಬೆನ್ನಿಗೇ ಸಂಕಟವೂ ಬಂತು. ನಾನು ಬೇತೇಲ್ ಎಂದದ್ದು, ನಿನ್ನ ಮನೆ ಇದಲ್ಲ, ಬೇರೆ ಎಂದು ದೇವರೇ ಹೇಳಿದ ಹಾಗೆ ಅವಳಿಗೆ ಕೇಳಿಸಿತ್ತು. ಆ ವಾರ ಪ್ರಾರ್ಥನೆಗೆ ಮೊಣಕಾಲೂರಿದರೂ ಮನಸ್ಸು ನಿಲ್ಲಲಿಲ್ಲ. ಶನಿವಾರ ಬಸ್ಸು ಹತ್ತಿದೆ.

ಪೂವಮ್ಮ ಹೊಳೆಯ ಬದಿಯ ಒಂದು ಮನೆಯ ಹಿಂದೆ ಪಾತ್ರೆ ಉಜ್ಜುತ್ತಿದ್ದಳು.

“ಅದು ಬೇತೆ ಇಲ್ಲ್ ಅಲ್ಲ ಪೂವಮ್ಮ, ಬೇತೇಲ್. ಯಾಕೋಬನ ಇಬ್ರಿಯ ಭಾಷೆಯಲ್ಲಿ ದೇವರ ಮನೆ ಅಂತ ಅರ್ಥ.”

ಅವಳ ಕೈ ನಿಲ್ಲಲಿಲ್ಲ. “ಕಲ್ಲಿನ ಮೇಲೆ ತಲೆ ಇಟ್ಟನಲ್ಲ, ಆ ಜಾಗಕ್ಕಾ?”

“ಹೌದು.”

“ಅಲ್ಲಿ ತಲೆಯ ಮೇಲೆ ಮಾಡು ಇರಲಿಲ್ಲ, ಗೋಡೆ ಇರಲಿಲ್ಲ.”

“ಇರಲಿಲ್ಲ.”

“ದೇವರಿಗೂ ನನ್ನ ಹಾಗೆಯೇ ಹಾಗಾದರೆ.” ಇನ್ನೊಂದು ಪಾತ್ರೆ ಎಳೆದುಕೊಂಡು ಕೇಳಿದಳು, “ಆಮೇಲೆ ಅವನು ಅಣ್ಣನ ಹತ್ತಿರ ಹೋದನಾ?”

“ಹೋದ. ಹೆದರಿ ಹೆದರಿ ಹೋದ. ದೂರದಿಂದಲೇ ಅಡ್ಡಬೀಳುತ್ತ ಹೋದ.”

“ಅಣ್ಣ ಹೊಡೆದನಾ?”

“ಓಡಿ ಬಂದು ತಬ್ಬಿಕೊಂಡ.”

“ಅದು ಅಣ್ಣ. ಅಕ್ಕ ಅಂದರೆ ಬೇರೆ.” ಪಾತ್ರೆ ಕವುಚಿ ಎದ್ದು ನಿಂತಳು. “ನೀವೂ ಬನ್ನಿ, ಹೋಗಿ ನೋಡುವ. ನನಗೆ ಪುನಃ ತಪ್ಪು ಕೇಳಿಸಿದರೆ ಹೇಳಲಿಕ್ಕೆ ಒಬ್ಬರು ಬೇಕು.”

ಬಸ್ಸಿನಲ್ಲಿ ಅವಳು ನೆಟ್ಟಗೆ ಕೂರಲಿಲ್ಲ. ಬೆಳ್ತಂಗಡಿ ಬಂದಾಗ “ಇಲ್ಲಿಯೇ ಇಳಿಯುವ, ನಾಳೆ ನೋಡುವ” ಎಂದಳು. ಉಜಿರೆಯಲ್ಲಿಯೂ ಎದ್ದಳು. ನಾನು ಅವಳ ಚಾಪೆಯ ಹಗ್ಗ ಹಿಡಿದು ಕೂತೆ.

ಕಕ್ಕಿಂಜೆಯ ಆ ಮನೆಯ ಜಗಲಿಯಲ್ಲಿ ಸೇಸಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಲೆಯೆತ್ತಿ ನೋಡಿದಳು, ಏಳಲಿಲ್ಲ. ಪೂವಮ್ಮ ಮೆಟ್ಟಿಲ ಕೆಳಗೆ ಅಂಗಳದ ಮಣ್ಣಿಗೆ ಹಣೆ ಮುಟ್ಟಿಸಿ, ಅಲ್ಲಿಯೇ ಕೂತಳು.

ಸೇಸಮ್ಮ ನನ್ನನ್ನು ಕೇಳಿದಳು: “ನೀವು ಯಾರು?”

“ಮೂಡುಬಿದಿರೆಯವಳು. ನಿಮ್ಮ ತಂಗಿ ನನ್ನ ಮನೆಯಲ್ಲಿ ಇದ್ದಳು.”

“ಎಷ್ಟು ಸಮಯ?”

“ಒಂದು ಮಳೆಗಾಲ.”

“ಅಷ್ಟು ನಿಂತಳಾ?”

ಒಂದೊಂದೇ ಬೀಜ ತೆಂಗಿನ ಗೆರಟೆಗೆ ಬೀಳುವ ಸದ್ದು. ಪೂವಮ್ಮ ಮೊಣಕಾಲು ಎತ್ತಿದಳು. ಈಗ ಹೊರಟೇಬಿಡುತ್ತಾಳೆ ಎಂದು ನನಗೆ ಹೆದರಿಕೆ.

“ಮೆಟ್ಟಿಲು ಹತ್ತಬೇಡ ಅಂತ ಹೇಳಿದ್ದು ನೆನಪುಂಟಾ?” ಸೇಸಮ್ಮ ಹುಣಸೆಹಣ್ಣನ್ನೇ ನೋಡುತ್ತ ಕೇಳಿದಳು.

“ಉಂಟು.”

“ಹಿತ್ತಲಿನಿಂದ ಬಾ. ಅಲ್ಲಿ ಮೆಟ್ಟಿಲಿಲ್ಲ.”

ಪೂವಮ್ಮ ಎದ್ದಳು. ಒಮ್ಮೆ ಬಸ್ಸಿನ ದಾರಿಯತ್ತ ನೋಡಿದಳು, ಒಮ್ಮೆ ನನ್ನನ್ನು. ಕಾಲು ಮಾತ್ರ ಅಲ್ಲಾಡಲಿಲ್ಲ. ಸೇಸಮ್ಮ ಕೈ ಒರೆಸಿಕೊಂಡು ಅಂಗಳಕ್ಕಿಳಿದು, ನೆಲದಲ್ಲಿದ್ದ ಚಾಪೆಯನ್ನು ಕಂಕುಳಲ್ಲಿ ಇರುಕಿಕೊಂಡು, ಮೆಟ್ಟಿಲು ಹತ್ತಿ ಎದುರು ಬಾಗಿಲಿನಿಂದಲೇ ಒಳಗೆ ನಡೆದಳು.

ಚಾಪೆ ಒಳಗೆ ಹೋದ ಮೇಲೆ ಪೂವಮ್ಮನಿಗೆ ಬೇರೆ ದಾರಿ ಇರಲಿಲ್ಲ. ಮನೆಗೆ ಸುತ್ತು ಹಾಕಿ ಹಿತ್ತಲ ಕಡೆಗೆ ಹೋದಳು.