ಅಜವಾನದ ಬಾಟಲಿಯ ಮೇಲಿನ ನಂಬರು

ಪುಣೆಯ ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ನನಗೆ ಕೆಲಸ. ಲೈಬ್ರರಿ ಎಂದ ಕೂಡಲೇ ಜನ ನನ್ನನ್ನು ಪುಸ್ತಕದ ಧೂಳು ಝಾಡಿಸುವವಳು ಎಂದುಕೊಳ್ಳುತ್ತಾರೆ. ಅಂಥವರನ್ನು ತಿದ್ದಿ ತಿದ್ದಿ ಸಾಕಾಗಿ ಈಗ ಬಾಯಿ ಮುಚ್ಚಿಕೊಂಡಿದ್ದೇನೆ. ನಿಜವಾಗಿ ನಾನು ಮಾಡುವುದು ಹುಡುಕುವ ಕೆಲಸ. ಒಂದು ರೋಗಕ್ಕೆ ಒಂದು ಔಷಧ ನಾಟುತ್ತದೋ ಇಲ್ಲವೋ ಎಂದು ಜಗತ್ತಿನಲ್ಲಿ ಯಾರ್ಯಾರು ಪರೀಕ್ಷೆ ಮಾಡಿ ಬರೆದಿದ್ದಾರೋ ಅದಷ್ಟನ್ನೂ, ಒಂದೂ ಬಿಡದಂತೆ, ಕಂಪ್ಯೂಟರಿನೊಳಗಿನ ದೊಡ್ಡ ದೊಡ್ಡ ಭಂಡಾರಗಳಿಂದ ಹೆಕ್ಕಿ ತೆಗೆಯಬೇಕು. ಡಾಕ್ಟರುಗಳು ಅದನ್ನು ಓದಿ, ತೂಗಿ, ಕಡೆಗೊಂದು ತೀರ್ಪು ಬರೆಯುತ್ತಾರೆ. ಹುಡುಕುವವಳು ಒಂದನ್ನು ಬಿಟ್ಟರೂ ತೀರ್ಪು ಒಂದು ಕಡೆ ವಾಲುತ್ತದೆ.

ಇದನ್ನು ನನ್ನ ಅಕ್ಕನಿಗೆ ಒಮ್ಮೆ ವಿವರವಾಗಿ ಹೇಳಿದ್ದೆ.

“ಅಂದ್ರ ನೀ ಅಕ್ಕಿ ಆರಸಾಕಿ ಅನ್ನು,” ಎಂದಳು.

“ಅಲ್ಲಕ್ಕಾ, ಆರಸೋರು ಡಾಕ್ಟರ್ರು. ನಾ ಚೀಲ ಹೊತ್ತು ತರಾಕಿ.”

“ಅಯ್ಯ ಶಿವನ, ಹಮಾಲಿ ಮಾಡಾಕ ಇಷ್ಟು ಓದಿದ್ಯೇನ?” ಎಂದು ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಲ್ಲುವ ಹೊತ್ತಿಗೆ ಅವಳ ತುಟಿ ನೀಲಿಯಾಗಿತ್ತು.

ಅಕ್ಕ ಸದಾಶಿವ ಪೇಠದಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸಿದವಳು. ಗಂಡ ಹೋದ ಮೇಲೆ ವಿಜಯಪುರದಿಂದ ಬಂದು, ಹಳೆಯ ವಾಡೆಯೊಂದರ ಕೆಳಗಿನ ಕೋಣೆ ಹಿಡಿದು, ಪರೀಕ್ಷೆಗೆ ಓದುವ ಕ್ಲಾಸಿನ ಹುಡುಗರಿಗೆ ಎರಡು ಹೊತ್ತು ಉಣ್ಣಲು ಹಾಕಿದಳು. ಬಾಯಿ ಜೋರು, ಕೈ ಧಾರಾಳ. ಫೇಲಾಗಿ ಬಂದವನಿಗೆ ಹಿಗ್ಗಾಮುಗ್ಗಾ ಬೈಯುತ್ತಲೇ ಇನ್ನೊಂದು ರೊಟ್ಟಿ, ಇನ್ನಿಷ್ಟು ಶೇಂಗಾ ಹಿಂಡಿ ಹಾಕುತ್ತಿದ್ದಳು. ಅಂಥವಳಿಗೆ ಹಿಟ್ಟು ನಾದುವಾಗ ಏದುಸಿರು ಬರತೊಡಗಿತು. ಶ್ವಾಸಕೋಶ ಬರಬರುತ್ತ ಗಟ್ಟಿಯಾಗುವ ರೋಗ, ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ ಎಂದರು ಡಾಕ್ಟರು. ಅಕ್ಕ ಅದನ್ನು ತನ್ನ ಭಾಷೆಗೆ ತಂದುಕೊಂಡಳು: “ಎದಿಯೊಳಗ ಕಟಿ ರೊಟ್ಟಿ ಆಗೇದಂತ.”

ಆಗ ಪುಣೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಈ ರೋಗಕ್ಕೆ ಹೊಸ ಗುಳಿಗೆಯ ಪರೀಕ್ಷೆ ನಡೆದಿತ್ತು. ಅರ್ಧ ಜನರಿಗೆ ನಿಜವಾದ ಗುಳಿಗೆ, ಇನ್ನರ್ಧ ಜನರಿಗೆ ನೋಡಲು ಹಾಗೆಯೇ ಇರುವ, ಒಳಗೆ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದು ಎಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಎಲ್ಲ ಮುಗಿದ ಮೇಲೆ ತಿಳಿಸುತ್ತೇವೆ ಎಂದು ಹೇಳಿ ಅಕ್ಕನ ಸಹಿ ತೆಗೆದುಕೊಂಡರು. ಅಕ್ಕ ಒಂದು ವರ್ಷ ಚಾಚೂ ತಪ್ಪದೆ ನುಂಗಿದಳು. ಪ್ರತಿ ತಿಂಗಳು ಹೋಗಿ ಅವರ ಯಂತ್ರದ ಕೊಳವೆಯೊಳಗೆ ಕಣ್ಣು ಕತ್ತಲೆ ಬರುವವರೆಗೆ ಊದಿ ಬಂದಳು. “ನಂದು ಹೋದ್ರೂ ಹೋಗ್ಲಿ, ಮುಂದಿನವರಿಗೆ ಗೊತ್ತಾಗ್ತದಲ್ಲ,” ಎನ್ನುತ್ತಿದ್ದಳು.

ಆ ವರ್ಷವೇ ಅವಳಿಗೆ ರೊಟ್ಟಿ ಬೇಯುವ ವಾಸನೆಗೆ ವಾಕರಿಕೆ ಶುರುವಾಯಿತು. ಮುಂಗೈ ಕೆಂಪಾಗಿ ಉರಿಯತೊಡಗಿತು. ಗುಳಿಗೆಯ ಕಾಟವೋ ಏನೋ ಎಂದು ನಾನೆಂದರೆ ನನ್ನ ಮೇಲೆಯೇ ಹರಿಹಾಯ್ದಳು. “ಜಲ್ಮೆಲ್ಲಾ ಹಂಚಿನ ಮುಂದ ನಿಂತೀನಿ, ಕೈ ಉರೀದ ಇರ್ತಾವೇನ? ವಯಸ್ಸಾತು, ಹೊಟ್ಟಿ ಕೆಟ್ಟದ, ಅಷ್ಟ.” ಆಸ್ಪತ್ರೆಯವರು ಬರೆದುಕೊಂಡರು, ಯಾವ ಗುಳಿಗೆ ತಿಂದವರಿಗೂ ಹೀಗಾಗಬಹುದು ಎಂದರು. ಉಸಿರು ಮಾತ್ರ ಕಡಿಮೆಯಾಗುತ್ತಲೇ ಹೋಯಿತು. ಆಮೇಲೊಂದು ದಿನ, ಪರೀಕ್ಷೆ ಮುಗಿಯಿತು, ಇನ್ನು ಬರುವುದು ಬೇಡ ಎಂದು ಫೋನು ಬಂತು. ಯಾವ ಗುಳಿಗೆ ತಿಂದೆ ಎಂದು ಯಾರೂ ಹೇಳಲಿಲ್ಲ. ಖಾನಾವಳಿ ಮುಚ್ಚಿತು. ಅಕ್ಕ ಧನಕವಡಿಯ ನನ್ನ ಮನೆಗೆ ಬಂದಳು. ಕೆಲವು ವರ್ಷಗಳಲ್ಲಿ ಆಕ್ಸಿಜನ್ ಮಷೀನೂ ಬಂದು ಹಾಲಿನಲ್ಲಿ ಕೂತಿತು.

ಅಷ್ಟರಲ್ಲಿ ಆ ಗುಳಿಗೆಗೆ ಹೆಸರು ಬಂದು, ಅದು ಔಷಧದ ಅಂಗಡಿಗೆ ಬಂದಿತ್ತು. ಅಕ್ಕನನ್ನು ನೋಡುತ್ತಿದ್ದ ಡಾಕ್ಟರು, ಇದನ್ನು ಶುರು ಮಾಡೋಣ, ಬೇರೆ ಏನೂ ಉಳಿದಿಲ್ಲ ಎಂದರು. ಅಕ್ಕ ಮನೆಗೆ ಬಂದವಳೇ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

“ನೋಡವಾ, ಆಗ ನಾ ಖರೇನ ಗುಳಿಗಿ ತಿಂದಿದ್ರ, ತಿಂದೂ ಹಿಂಗಾಗೀನಿ ಅಂದಂಗಾತು. ಮತ್ತ ಯಾಕ ತಿನ್ನಲಿ? ಹಿಟ್ಟು ತಿಂದಿದ್ರ, ಇನ್ನೂ ಒಂದು ಆಸೆ ಅದ. ತಿಂತೀನಿ. ನಂದು ಯಾವುದಿತ್ತು, ಅದೊಂದು ತಿಳಕೊಂಡು ಹೇಳು. ಹುಡುಕಾಕಿ ಅದೀಯಲ್ಲ ನೀ.”

ಅವಳು ಹಾಗೆ ಕೇಳಲು ಕಾರಣವಿತ್ತು. ತೂಕ ಇಳಿದು ಇಳಿದು ಅವಳು ಬಳೆ ನಿಲ್ಲದಷ್ಟು ಬಡಕಲಾಗಿದ್ದಳು. ದಿನದಲ್ಲಿ ಒಂದು ಬಿಸಿ ರೊಟ್ಟಿಯನ್ನು ಮಾತ್ರ ಪ್ರೀತಿಯಿಂದ ತಿನ್ನುತ್ತಿದ್ದಳು. ಈ ಗುಳಿಗೆ ಹಸಿವನ್ನು ಕೊಲ್ಲುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಸುಮ್ಮನೆ ತಿಂದು ನೋಡೋಣ ಎನ್ನುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ನಮ್ಮ ಕಾಲೇಜಿನಲ್ಲಿ ಎದೆರೋಗದ ವಿಭಾಗಕ್ಕೆ ಒಬ್ಬ ಮೇಡಂ ಮುಖ್ಯಸ್ಥರು. ಅಂಗಡಿಗೆ ಬಂದ ಈ ಗುಳಿಗೆಯ ಮೇಲೆಯೇ ಅವರು, ಇದುವರೆಗಿನ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗುವ, ಹೊಸ ವಿಮರ್ಶೆ ಹಿಡಿದಿದ್ದರು, ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕನ ವಿಷಯ ಮುಚ್ಚಿಡಲಿಲ್ಲ. ಮೇಡಂ ಮರಾಠಿಯಲ್ಲಿ, “ಹುಡುಕುವುದಷ್ಟೇ ನೀನು ಮಾಡು. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎನ್ನುವುದು ನಮ್ಮ ಕೆಲಸ. ಅದರಲ್ಲಿ ಕೈ ಹಾಕಬೇಡ,” ಎಂದರು. ನ್ಯಾಯವಾದ ಮಾತು, ಒಪ್ಪಿಕೊಂಡೆ.

ಗುಳಿಗೆಯ ಹೆಸರು, ಅಂಗಡಿಯ ಹೆಸರು, ರೋಗಕ್ಕೆ ಇರುವ ಹತ್ತೆಂಟು ಹೆಸರು, ಎಲ್ಲವನ್ನೂ ಜೋಡಿಸಿ ಹಾಕಿದೆ. ರಾಶಿ ಬಂತು. ಬೇರೆ ದೇಶದ ಪರೀಕ್ಷೆಗಳು ಬಂದವು, ಇಲಿಯ ಮೇಲೆ ಮಾಡಿದವು ಬಂದವು, ಸಂಬಂಧವೇ ಇಲ್ಲದವು ಬಂದವು. ಪುಣೆಯದು ಮಾತ್ರ ಬರಲಿಲ್ಲ. ಮತ್ತೆ ಮತ್ತೆ ಹಾಕಿದೆ. ತಲೆ ಚಿಟ್ಟು ಹಿಡಿಯಿತು. ಇಡೀ ಒಂದು ವರ್ಷ ಅಕ್ಕ ಉಸಿರು ಊದಿ ಬಂದದ್ದು ಎಲ್ಲಿ ಹೋಯಿತು?

ಆಮೇಲೆ ಹೊಳೆಯಿತು. ಔಷಧಕ್ಕೆ ಹೆಸರಿಡುವ ಮೊದಲು ಕಂಪನಿಯವರು ಅದನ್ನು ಬರೀ ನಂಬರಿನಿಂದ ಕರೆಯುತ್ತಾರೆ. ಅಕ್ಕ ತಿಂದದ್ದು ನಂಬರಿನ ಕಾಲದಲ್ಲಿ. ಆ ನಂಬರು ಎಲ್ಲಿಂದ ತರಲಿ?

ಮನೆಗೆ ಬಂದು ಗೊಣಗುತ್ತಿದ್ದೆ. ಮಷೀನಿನ ನಳಿಕೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ಕೂತಿದ್ದ ಅಕ್ಕ ಕೈಯಿಂದಲೇ ಅಡುಗೆಮನೆ ತೋರಿಸಿದಳು. “ಅಜವಾನ ಹಾಕಿಟ್ಟ ಬಿಳಿ ಬಾಟ್ಲಿ ತಗೊಂಬಾ. ಅವರದ ಅದು.”

“ಎಲ್ಲಾ ವಾಪಸ್ ಕೊಡಬೇಕಂತಿದ್ರಲ್ಲ?”

“ಕೊಟ್ಟೆ. ಒಂದು ಇಟಗೊಂಡೆ. ಇಷ್ಟು ಛಲೋ ಬಿಗಿ ಮುಚ್ಚಳ ಇರೂ ಬಾಟ್ಲಿ ಯಾರರ ಕೊಡ್ತಾರೇನ ಹುಚ್ಚಿ!”

ಒಗ್ಗರಣೆಯ ಜಿಡ್ಡು ಹತ್ತಿದ ಚೀಟಿಯ ಮೇಲೆ ಅಕ್ಷರ, ಅಂಕಿ ಇನ್ನೂ ಇದ್ದವು. ಅದು ಗುಳಿಗೆಯದಲ್ಲ, ಆ ಪರೀಕ್ಷೆಯದೇ ನಂಬರು. ಯಾವುದೇ ಪರೀಕ್ಷೆ ಶುರು ಮಾಡುವ ಮೊದಲು ಅದನ್ನು ಸರ್ಕಾರದ ದಾಖಲೆಯಲ್ಲಿ ಹಾಕಲೇಬೇಕು ಎಂಬ ನಿಯಮವಿದೆ. ಮರುದಿನ ಲೈಬ್ರರಿಯಲ್ಲಿ ಕೂತು ಆ ನಂಬರನ್ನು ಅದರೊಳಗೆ ಹಾಕಿದೆ. ಬಂತು! ಊರು ಪುಣೆ, ರೋಗ ಅದೇ, ಗುಳಿಗೆಯ ಜಾಗದಲ್ಲಿ ಬರೀ ನಂಬರು. ಖುಷಿಗೆ ಜೋರಾಗಿ ಕೂಗಿಬಿಟ್ಟೆ, ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ಕೆಳಗೆ ಸರಿಸಿದೆ. ಸ್ಥಿತಿ: ಮುಗಿದಿದೆ. ಫಲಿತಾಂಶ: ಖಾಲಿ.

ಇಂಥದ್ದು ಸಿಕ್ಕರೆ ಮಾಡಬೇಕಾದ ಪದ್ಧತಿಯೊಂದಿದೆ. ಪರೀಕ್ಷೆ ನಡೆಸಿದವರಿಗೆ, ನಿಮ್ಮ ಫಲಿತಾಂಶ ಕಳಿಸಿ ಎಂದು ಬರೆಯಬೇಕು. ಉತ್ತರ ಬಾರದಿದ್ದರೆ ಸ್ವಲ್ಪ ದಿನ ಕಾದು ಇನ್ನೊಮ್ಮೆ ಬರೆಯಬೇಕು. ಆಗಲೂ ಬಾರದಿದ್ದರೆ ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋಗಬೇಕು. ಹಿಂದೆ ಎಷ್ಟೋ ಸಲ ಹೀಗೆ ಬರೆದು, ಕಾದು, ಪಕ್ಕಕ್ಕಿಟ್ಟು ಮನೆಗೆ ಹೋಗಿ ನೆಮ್ಮದಿಯಾಗಿ ಉಂಡವಳು ನಾನು. ಈ ಸಲ ಎರಡು ಪತ್ರ ಹೋದವು. ಎರಡಕ್ಕೂ ಉತ್ತರವಿಲ್ಲ. ಅಕ್ಕ ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು, “ಬಂತೇನ?”

ಪದ್ಧತಿ ಮಣ್ಣಾಗಲಿ ಎಂದು ನಾನೇ ಆ ಆಸ್ಪತ್ರೆಗೆ ಹೋದೆ. ಪರೀಕ್ಷೆ ನಡೆಸಿದ ಡಾಕ್ಟರು ಕೆಲಸ ಬಿಟ್ಟು ಬೇರೆ ಊರು ಸೇರಿದ್ದರು. ಅವರ ಜಾಗದಲ್ಲಿದ್ದ ಎಳೆಯ ಡಾಕ್ಟರು ಕುರ್ಚಿ ಕೊಟ್ಟು, ನೀರು ಕೊಟ್ಟು, ಸಮಾಧಾನದಿಂದಲೇ ಹೇಳಿದರು: ಕಾಗದಪತ್ರವನ್ನೆಲ್ಲ ಕಂಪನಿ ಒಯ್ದಿದೆ, ಆ ಕಂಪನಿ ಗುಳಿಗೆಯನ್ನು ಇನ್ನೊಂದು ಕಂಪನಿಗೆ ಮಾರಿದೆ, ಯಾರಿಗೆ ಯಾವುದು ಕೊಟ್ಟರು ಎಂಬ ಗುಟ್ಟು ಈಗ ಅವರ ಬಳಿ. “ತುಮ್ಹಿ ಕಂಪನಿಲಾ ಲಿಹಾ,” ಎಂದರು, ಕಂಪನಿಗೇ ಬರೆಯಿರಿ ಎಂದು. ಮೈ ಉರಿದುಹೋಯಿತು. ಮರಾಠಿಯಲ್ಲೇ ಬೈಯತೊಡಗಿದೆ. ಸಿಟ್ಟು ನೆತ್ತಿಗೇರಿದಾಗ ನನಗೆ ಮರಾಠಿ ಸಾಲುವುದಿಲ್ಲ. “ಇಡೀ ಒಂದು ವರ್ಷ ಆಕಿ ಉಸಿರು ಅಳದು ಅಳದು ತಗೊಂಡೀರಿ, ತಿರುಗಿ ಒಂದು ಮಾತು ಕೊಡಾಕ ಆಗಂಗಿಲ್ಲೇನ್ರಿ ನಿಮಗ?” ಎಂದು ಕನ್ನಡದಲ್ಲಿ ಕೂಗಿದೆ. ಅವರಿಗೆ ಮಾತು ತಿಳಿಯಲಿಲ್ಲ, ಆದರೂ ತಲೆ ತಗ್ಗಿಸಿದರು. ಪಾಪ, ಅವರದೇನೂ ತಪ್ಪಿರಲಿಲ್ಲ. ಹೊಸ ಕಂಪನಿಗೆ ಬರೆದೆ. ನಮ್ಮಲ್ಲಿ ಆಸಕ್ತಿ ತೋರಿದ್ದಕ್ಕೆ ಧನ್ಯವಾದ ಎಂದು ತಾನೇ ತಾನಾಗಿ ಒಂದು ಉತ್ತರ ಬಂತು. ಅದರ ಹಿಂದೆ ಮನುಷ್ಯರಿದ್ದಾರೆಂದು ನನಗೆ ಅನಿಸಲಿಲ್ಲ.

ಇತ್ತ ವಿಮರ್ಶೆ ಮುಗಿಯುತ್ತ ಬಂತು. ಅಚ್ಚಾದ ಪರೀಕ್ಷೆಗಳೆಲ್ಲ ಗುಳಿಗೆಯ ಪರವಾಗಿ ಅಷ್ಟಿಷ್ಟು ಹೇಳುತ್ತಿದ್ದವು. ಪುಣೆಯದಕ್ಕೆ ಕಡೆಯ ಪುಟದಲ್ಲಿ, ಅದರ ನಂಬರಿನ ಮುಂದೆ, ಒಂದು ಸಾಲು ಸಿಕ್ಕಿತ್ತು: ಮುಗಿದಿದೆ, ಫಲಿತಾಂಶ ಲಭ್ಯವಿಲ್ಲ. ಕೈ ಹಾಕಬೇಡ ಎಂದಿದ್ದರೂ ಮೇಡಂ ಕೋಣೆಗೆ ನುಗ್ಗಿದೆ.

“ಗುಳಿಗೆ ನಾಟಿದ್ದರೆ ಕಂಪನಿಯವರು ಡಂಗುರ ಸಾರುತ್ತಿರಲಿಲ್ಲವೇ ಮೇಡಂ? ಮುಚ್ಚಿಟ್ಟಿದ್ದಾರೆ ಎಂದರೆ ನಾಟಿಲ್ಲವೆಂದೇ ಅರ್ಥವಲ್ಲವೇ?”

“ನನಗೂ ಅನುಮಾನವಿದೆ. ಅನುಮಾನವಿದೆ ಎಂದು ಬರೆದೂ ಇದ್ದೇನೆ,” ಎಂದರು ಮೇಡಂ. “ಆದರೆ ಲೆಕ್ಕದಲ್ಲಿ ಏನು ಹಾಕಲಿ? ನೀನೇ ಹೇಳು, ಹಾಕುತ್ತೇನೆ.”

ಎದ್ದು ಬಂದೆ. ಸ್ವಲ್ಪ ಪ್ರಯೋಜನ ಇರಬಹುದು, ಖಚಿತವಾಗಿ ಹೇಳಲಾಗದು ಎಂಬುದು ಕಡೆಯ ತೀರ್ಪು. ಅದನ್ನೇ ಅಕ್ಕನಿಗೆ ಹೇಳಿದೆ.

“ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಮಾತಾಡಬ್ಯಾಡ. ತಿನ್ನಲೋ ಬ್ಯಾಡೋ?”

“ನನಗ ಗೊತ್ತಿಲ್ಲಕ್ಕಾ,” ಎಂದೆ. ಅಳು ಬಂತು. ಆಕೆಯೆದುರು ಅತ್ತುಬಿಟ್ಟೆ.

“ಹೋಗ್ಲಿ ಬಿಡು, ಅಳಬ್ಯಾಡ. ನಿಮ್ಮವರು ಇರಬಹುದು ಅಂದಾರಲ್ಲ, ತಿಂತೀನಿ,” ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಮರುದಿನದಿಂದ ಗುಳಿಗೆ ಶುರುವಾಯಿತು. ಅವಳಿಗೆ ಉಳಿದಿದ್ದದ್ದು ಅದೊಂದೇ ಬೇಸಿಗೆ ಎಂದು ಆಗ ನಮಗೆ ಗೊತ್ತಿರಲಿಲ್ಲ.

ಸ್ವಲ್ಪ ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಾನು ಹಂಚಿಗೆ ರೊಟ್ಟಿ ಹಾಕಿದ್ದೇ ತಡ, ಬಾಲ್ಕನಿಯ ಎಳೆಬಿಸಿಲಿಗೆ ಕೂತಿದ್ದ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಕರಿಸಿದಳು. ಓಡಿಹೋಗಿ ಬೆನ್ನು ನೀವಿದೆ. ಅವಳು ನನ್ನ ಕೈ ಸರಿಸಿ, ತನ್ನ ಮುಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಕೆಂಪಾಗಿ ದದ್ದು ಎದ್ದಿತ್ತು. ಹಂಚಿನ ಮುಂದೆ ನಿಂತು ಅವಳಿಗೆ ವರ್ಷಗಳಾಗಿದ್ದವು.

“ಇದ ಅದು,” ಎಂದಳು ಮೆಲ್ಲಗೆ. “ಹಂಚಿಂದಲ್ಲವಾ ಇದು. ಆಗೂ ನಾ ಖರೇನ ಗುಳಿಗಿನ ತಿಂದೀನಿ.”

ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು.

“ವರ್ಷ ತಿಂದು ಏನೂ ಆಗಿಲ್ಲ. ಸಾಕು ತಂಗಿ, ಇನ್ನ ತಿನ್ನಂಗಿಲ್ಲ. ನನಗ ಒಂದು ರೊಟ್ಟಿ ರುಚಿ ಹತ್ತಿದ್ರ ಸಾಕು.”

ಮೇಡಂಗೆ ಫೋನು ಮಾಡಿದೆ. ಡಾಕ್ಟರಿಗೆ ತಿಳಿಸು, ಅವರನ್ನು ಕೇಳಿಯೇ ಗುಳಿಗೆ ನಿಲ್ಲಿಸಲಿ ಎಂದರು. ಆಮೇಲೆ, ಒಬ್ಬರ ಅನುಭವ, ಅದೂ ನೆನಪಿನಿಂದ ಹೇಳಿದ್ದು, ಇದನ್ನು ಎಲ್ಲಿಯೂ ಸೇರಿಸಲು ಬರುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಾನು ಅವರ ಮಾತು ಮುಗಿಯುವ ಮೊದಲೇ ಫೋನಿಟ್ಟೆ.

ಡಾಕ್ಟರು ಒಪ್ಪಿ ಗುಳಿಗೆ ನಿಲ್ಲಿಸಿದರು. ವಾರ ಕಳೆಯುವುದರೊಳಗೆ ಅಕ್ಕ ಮತ್ತೆ ರೊಟ್ಟಿ ಕೇಳಿದಳು. ತಿಂದು ಕೈ ತೊಳೆದುಕೊಂಡು, “ನಂದು ಯಾವುದಿತ್ತು ಅಂತ ಗೊತ್ತಾತಲ್ಲ. ನಿಮ್ಮ ಕಂಪ್ಯೂಟರ್‌ನ್ಯಾಗ ಹಾಕಿದ್ಯೇನ? ಮುಂದಿನವರು ನೋಡ್ತಾರ,” ಎಂದಳು.

ಇಲ್ಲ ಎನ್ನಲು ಬಾಯಿ ಬರಲಿಲ್ಲ. “ಹಾಕೀನಕ್ಕಾ,” ಎಂದೆ.

“ಎಲ್ಲದ? ತೋರ್ಸು.”

ಲ್ಯಾಪ್‌ಟಾಪ್ ತಂದು ಅವಳ ತೊಡೆಯ ಮೇಲಿಟ್ಟು, ಅಚ್ಚಿಗೆ ಹೋಗಿದ್ದ ವಿಮರ್ಶೆಯ ಕಡೆಯ ಪುಟ ತೆಗೆದು, ಫಲಿತಾಂಶ ಲಭ್ಯವಿಲ್ಲ ಎಂಬ ಆ ಸಾಲಿನ ಮೇಲೆ ಬೆರಳಿಟ್ಟೆ. ಅಕ್ಕನಿಗೆ ಕನ್ನಡ, ಮರಾಠಿ ಓದಲು ಬರುತ್ತಿತ್ತು. ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಅಂಕಿ ಗುರುತು ಹತ್ತಿತು. ಅಜವಾನದ ಬಾಟಲಿ ತರಿಸಿಕೊಂಡು ಆ ನಂಬರಿಗೆ ಈ ನಂಬರು ತಾಳೆ ಹಾಕಿ ನೋಡಿದಳು.

“ಹೌದು, ನಂದ,” ಎಂದಳು. “ಭಾಳ ಸಣ್ಣಗ ಬರದಾರ. ಇರ್ಲಿ, ಬಂತಲ್ಲ.”