ಗಾಳೆಪ್ಪ ಹೊಲಿದ ಚೆಂಡು

ಕೊಪ್ಪಳದಲ್ಲಿ ಕ್ರಿಕೆಟ್ಟನ್ನು ಬಯಲಿನಲ್ಲಿ ಆಡಿದ್ದಕ್ಕಿಂತ ವಿರೂಪಾಕ್ಷಪ್ಪನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಆಡಿದ್ದೇ ಹೆಚ್ಚು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುವ ಪತ್ರಿಕೆ ಒಂದು ದಿನ ಹಳತಾಗಿರುತ್ತಿತ್ತು. ಆದರೇನಂತೆ, ಮುಂಬಯಿಯ ಪಂದ್ಯದ ಸುದ್ದಿ ಓದಿ ಜಗಳಾಡುವುದಕ್ಕೆ ತಾಜಾ ಪತ್ರಿಕೆಯೇ ಬೇಕೇ? ಯಾರನ್ನು ಯಾವಾಗ ಆಡಲು ಕಳಿಸಬೇಕಿತ್ತು, ಯಾರನ್ನು ಎಲ್ಲಿ ನಿಲ್ಲಿಸಬೇಕಿತ್ತು ಎಂದು ಬೆಲ್ಲದ ಪೆಂಟೆಗಳ ನಡುವೆ ಕೂತು ತೀರ್ಪು ಕೊಡುವ ಮಹಾನುಭಾವರು ಇವರು. ಇವರಲ್ಲಿ ಅರ್ಧ ಮಂದಿ ಜನ್ಮದಲ್ಲಿ ಬ್ಯಾಟು ಮುಟ್ಟಿದವರಲ್ಲ.

ಎಲ್ಲಕ್ಕಿಂತ ದೊಡ್ಡ ಜಗಳ ನಿಧಾನದ ಆಟದ್ದು.

"ಮೂರು ದಿನದ ಆಟದಾಗ ಒಬ್ಬನ ಒಂದೂವರಿ ದಿನ ನಿಂತಾನಂತ. ಇದೇನು ಆಟನೋ, ತಪಸ್ಸೋ?" ಎಂದು ವಿರೂಪಾಕ್ಷಪ್ಪ ಪತ್ರಿಕೆಯನ್ನು ತೊಡೆಗೆ ಬಡಿಯುತ್ತಿದ್ದ.

ಎದುರಿಗೆ ಚಹಾದಂಗಡಿ ಇಟ್ಟಿದ್ದ ಮರ್ದಾನಸಾಬ ಅಲ್ಲಿಂದಲೇ ಕೂಗುತ್ತಿದ್ದ: "ನಿಂತಮ್ಯಾಲಲ್ಲೇನ್ರಿ ಹೊಡಿಯೋದು? ಪಾಯಾ ಹಾಕದ ಮನಿ ಕಟ್ಟತೀರೇನು?"

"ಪಾಯಾ ಹಾಕೂದ್ರಾಗ ಹೊತ್ತು ಮುಳಿಗಿದ್ರ ಮನಿ ಯಾವಾಗ ಕಟ್ಟತೀಯೋ ಸಾಬ? ನಾ ಏನರ ಅಂಪೈರ್ ಇದ್ದಿದ್ರ, ಹೆಂಗರ ಮಾಡಿ ಅಂಥವನ್ನ ಹೊರಗ ಹಾಕತಿದ್ದೆ, ನೋಡು!"

ಕಟ್ಟೆ ತುಂಬ ನಗೆ. ಇಪ್ಪತ್ತು ಹೆಜ್ಜೆ ಆಚೆ ಬೇವಿನ ಮರದ ಕೆಳಗೆ ಕೂತು ಚೆಂಡು ಹೊಲಿಯುತ್ತಿದ್ದ ಗಾಳೆಪ್ಪನೂ ತಲೆ ಎತ್ತದೆ ನಗುತ್ತಿದ್ದ.

ಗಾಳೆಪ್ಪ ಚಪ್ಪಲಿ ಹೊಲಿಯುವವನು. ಎರಡನೆಯ ಮಹಾಯುದ್ಧ ಶುರುವಾಗಿ ತೊಗಲಿನ ಚೆಂಡು ಬರುವುದು ನಿಂತಾಗ, ಶಾಲೆಯ ಮಾಸ್ತರರೂ ಕಚೇರಿಯ ಗುಮಾಸ್ತರೂ ಸೇರಿ ಕಟ್ಟಿದ್ದ ಕೊಪ್ಪಳದ ತಂಡಕ್ಕೆ ಉಳಿದದ್ದು ಒಂದೇ ಒಂದು ಹರಕು ಚೆಂಡು. ಅದನ್ನು ಗಾಳೆಪ್ಪ ಬಿಚ್ಚಿದ, ಒಳಗಿನ ಸುತ್ತು ನೋಡಿದ, ಹೊಲಿಗೆ ಎಣಿಸಿದ, ತಿರುಗಿ ಹೊಲಿದ. ನಾಲ್ಕು ವರ್ಷದಲ್ಲಿ ಮೂರು ಸಲ ಅದಕ್ಕೆ ಜೀವ ಕೊಟ್ಟ. ಹೊಲಿದ ಮೇಲೆ ಸುಮ್ಮನೆ ಕೊಟ್ಟುಬಿಡುವ ಮನುಷ್ಯನಲ್ಲ ಅವನು. ತಂಡದ ಬ್ಯಾಟು ಕೇಳಿಕೊಂಡು ಹೋಗಿ, ಯಾರಾದರೂ ಸಿಕ್ಕರೆ ಅವರಿಂದ ಚೆಂಡು ಎಸೆಸಿ, ಮೆಲ್ಲಗೆ ತಡೆದು ನೋಡುತ್ತಿದ್ದ. ಬ್ಯಾಟಿಗೆ ತಾಗಿದ ಸಪ್ಪಳ ಕೇಳಿಯೇ, "ಇಲ್ಲಿ ಹೊಲಿಗಿ ಸಡ್ಲೈತ್ರಿ" ಎಂದು ಬೆರಳಿಟ್ಟು ತೋರಿಸುತ್ತಿದ್ದ. ಅಂಥ ಕಿವಿ ಅವನದು. ಹಾಗೆ ತಡೆಯುತ್ತ ತಡೆಯುತ್ತ ಅವನಿಗೆ ಆಟ ಬಂದುಬಿಟ್ಟಿತು.

ಒಂದು ಸಲ ಮಾತ್ರ ಬಾಯಿ ಬಿಟ್ಟು ಕೇಳಿದ್ದ. "ಸಾವಕಾರ್ರ, ನನ್ನೂ ಒಂದ ಸಲ ಆಡಸ್ರಲ್ಲ."

"ಮಾಸ್ತರಗ ಹೇಳತೀನಿ ತಗೋ" ಎಂದಿದ್ದ ವಿರೂಪಾಕ್ಷಪ್ಪ. ಹೇಳಲಿಲ್ಲ. ಹೇಳಿದ್ದರೆ ಯಾರು ಏನನ್ನುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಗಾಳೆಪ್ಪ ಹೊಲಿದ ಚೆಂಡು ಎಲ್ಲರಿಗೂ ನಡೆಯುತ್ತಿತ್ತು, ಅವನ ಪಕ್ಕ ನಿಲ್ಲುವುದು ನಡೆಯುತ್ತಿರಲಿಲ್ಲ. ಥೂ, ನಮ್ಮ ಮಡಿಯೇ!

ಸಾವಿರದ ಒಂಬೈನೂರ ನಲವತ್ತನಾಲ್ಕರ ಸಂಕ್ರಾಂತಿ ಆದ ಮರುವಾರ, ಆಗ ನಮ್ಮ ಸಂಸ್ಥಾನದಲ್ಲಿ ವಾರದ ಸೂಟಿಯಾಗಿದ್ದ ಶುಕ್ರವಾರ, ಗಂಗಾವತಿಯ ತಂಡ ಬಂತು. ಅದೇ ಬೆಳಿಗ್ಗೆ ನಮ್ಮ ಕಡೆಯ ಗುಮಾಸ್ತನೊಬ್ಬನಿಗೆ ಚಳಿಜ್ವರ ಬಂದು ಹನ್ನೊಂದಕ್ಕೆ ಒಬ್ಬ ಕಡಿಮೆಯಾದ. ಕ್ಯಾಪ್ಟನ್ ಗವಿಸಿದ್ದಪ್ಪ ಮಾಸ್ತರ ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ, "ಗಾಳೆಪ್ಪ, ಬಾರೋ. ಛಲೋ ಆಡಿದ್ರ ಮುಂದನೂ ಆಡಸೋಣಂತ" ಎಂದ. ಗಾಳೆಪ್ಪ ಮನೆಗೆ ಓಡಿಹೋಗಿ ಒಗೆದ ಧೋತರ ಉಟ್ಟು ಬಂದ. ಹಿಂದೆಯೇ ಅವನ ಹೆಂಡತಿ ಹುಲಿಗವ್ವ ಬಂದು ದೂರದ ಹುಣಸೆಮರದ ನೆರಳಲ್ಲಿ ನಿಂತಳು. ಅವತ್ತಿನ ಆಟ ಉಳಿದವರಿಗೆ ಆಟ. ಗಾಳೆಪ್ಪನಿಗೆ ಅದು ನಾಲ್ಕು ವರ್ಷ ಕಾದ ಒಂದೇ ಒಂದು ಬಾಗಿಲು.

ಎರಡೂ ಊರಿನವರು ಒಬ್ಬೊಬ್ಬ ಅಂಪೈರನ್ನು ಕೊಡುವುದು ಪದ್ಧತಿ. ನಮ್ಮ ಕಡೆಯಿಂದ ವಿರೂಪಾಕ್ಷಪ್ಪ ನಿಂತ. ಅವನ ತಕ್ಕಡಿಯಲ್ಲಿ ಒಂದು ಗುಂಜಿಯಷ್ಟೂ ಮೋಸವಿಲ್ಲ ಎಂದು ಗಂಗಾವತಿಯವರೂ ಬಲ್ಲರು.

ಗಂಗಾವತಿಯವರು ಎಪ್ಪತ್ತೊಂದಕ್ಕೆ ಔಟಾದರು. ಊಟದ ಹೊತ್ತಿನಲ್ಲಿ ಗಾಳೆಪ್ಪ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿ ವಿರೂಪಾಕ್ಷಪ್ಪನ ಹತ್ತಿರ ಬಂದ.

"ಸಾವಕಾರ್ರ, ನಾಕು ಹೊಲಿಗಿ ಬಿಟ್ಟಾವ್ರಿ. ದಾರ ಮದಲಿನಂಥಾದ್ದಲ್ಲ. ಜೋರು ಹೊಡತಕ್ಕ ತಡಿಯಂಗಿಲ್ಲ. ಮೆಲ್ಲಕ ಆಡಿದ್ರ ಸಂಜಿತನಕ ಬರತೈತಿ."

ವಿರೂಪಾಕ್ಷಪ್ಪ ಆಗ ಮರ್ದಾನಸಾಬನ ಜೊತೆ ವಾದದಲ್ಲಿ ಮುಳುಗಿದ್ದ. ಗಂಗಾವತಿಯವರ ಬಸ್ಸು ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುವಂಥದು, ಐದಕ್ಕೆ ಹೊರಡದಿದ್ದರೆ ಊರು ಮುಟ್ಟುವುದಿಲ್ಲ. ಐದರೊಳಗೆ ಎಪ್ಪತ್ತೆರಡು ಆಗದಿದ್ದರೆ ಪಂದ್ಯ ಡ್ರಾ. ಆದ್ದರಿಂದ ಹೊಡೆಯಲೇಬೇಕು ಎಂದು ಇವನು, ನಿಲ್ಲಬೇಕು ಎಂದು ಸಾಬ. "ಹ್ಞೂಂ ಹ್ಞೂಂ, ಆತು ಹೋಗು" ಎಂದು ಗಾಳೆಪ್ಪನನ್ನು ಕಳಿಸಿದ. ಕೇಳಿದ್ದು ಕಿವಿಯೊಳಗೆ ಇಳಿಯಲೇ ಇಲ್ಲ.

ಹೊಡೆಯಲು ಹೋದವರು ಸಾಲುಸಾಲಾಗಿ ಕ್ಯಾಚು ಕೊಟ್ಟು ಬಂದರು. ಆರು ಜನ ಹೋಗಿ ನಲವತ್ತೆರಡು. ನಮ್ಮ ಹೊಡೆತಗಾರ ಗವಿಸಿದ್ದಪ್ಪ ಮಾಸ್ತರ ಬೆಳಿಗ್ಗೆ ಹೆಬ್ಬೆರಳು ಊದಿಸಿಕೊಂಡು ತನ್ನ ಸರದಿಯನ್ನು ಗಾಳೆಪ್ಪನ ನಂತರಕ್ಕೆ ಇಟ್ಟುಕೊಂಡಿದ್ದ. ಗಾಳೆಪ್ಪ ಇಳಿದ.

ಅಬ್ಬಾ, ಆ ಆಟ! ಬಂದ ಚೆಂಡನ್ನು ಕೂಸಿನ ತಲೆ ಸವರಿದಂತೆ ಸವರಿ ಪಕ್ಕಕ್ಕೆ ತಳ್ಳುತ್ತಿದ್ದ. ಸಿಕ್ಕರೆ ಒಂದು ಓಟ, ಇಲ್ಲದಿದ್ದರೆ ಅದೂ ಇಲ್ಲ. ಒಂದು ತಾಸು ಕಳೆಯಿತು, ಅವನದು ಒಂಬತ್ತು ಓಟ. ಆಚೆ ಬದಿಯವನದೂ ಸೇರಿ ಒಟ್ಟು ಐವತ್ತೇಳು. ಆದರೆ ಒಬ್ಬನೂ ಔಟಾಗಿರಲಿಲ್ಲ, ಅದನ್ನು ಯಾರು ನೋಡಬೇಕು? ಬಯಲಿನ ಸುತ್ತ ಗದ್ದಲವೆದ್ದಿತು. "ಏ ಗಾಳ್ಯಾ, ಚಪ್ಪಲಿ ಹೊಲಿಯಾಕ ನಿಂತಿಯೇನೋ? ಹೊಡಿಯಲೇ!" ಬಸ್ಸಿನವನು ಬೇರೆ ಹಾರ್ನು ಒತ್ತಿದ. ಮರ್ದಾನಸಾಬ ಒಬ್ಬನೇ ಗಂಟಲು ಹರಿಯುವಂತೆ, "ನಿಂದ್ರು ಗಾಳೆಪ್ಪ, ನಿಂದ್ರು!" ಎನ್ನುತ್ತಿದ್ದ.

ವಿರೂಪಾಕ್ಷಪ್ಪನಿಗೆ ಮೈಮೇಲೆ ಇರುವೆ ಬಿಟ್ಟಂತಾಯಿತು. ಇನ್ನು ಅರ್ಧ ತಾಸು. ಈ ಕಲ್ಲು ಸರಿದರೆ ಮಾಸ್ತರ ಬರುತ್ತಾನೆ, ನಾಲ್ಕು ಹೊಡೆತಕ್ಕೆ ಆಟ ಮುಗಿಯುತ್ತದೆ. ಅಷ್ಟರಲ್ಲಿ ಚೆಂಡು ಬಂತು. ಬ್ಯಾಟಿನ ಅಂಚಿಗೆ ಟಕ್ ಎಂದು ತಾಗಿ, ಆಮೇಲೆ ಕಾಲಿಗೆ ಬಡಿಯಿತು. ವಿರೂಪಾಕ್ಷಪ್ಪ ಆ ಸಪ್ಪಳ ಕೇಳಿದ. ಸ್ಪಷ್ಟವಾಗಿ ಕೇಳಿದ. ಬ್ಯಾಟಿಗೆ ತಾಗಿದ ಮೇಲೆ ಕಾಲಿಗೆ ಬಡಿದರೆ ಔಟಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಬೌಲರು ಎರಡೂ ಕೈ ಎತ್ತಿ ಕೂಗಿದ.

ವಿರೂಪಾಕ್ಷಪ್ಪನ ಬೆರಳು ಮೇಲೆ ಹೋಯಿತು.

ಗಾಳೆಪ್ಪ ಬ್ಯಾಟಿನ ಅಂಚು ನೋಡಿದ. ವಿರೂಪಾಕ್ಷಪ್ಪನ ಮುಖ ನೋಡಿದ. ಹೊರಗೆ ನಡೆದ. ಎದುರು ಬಂದ ಮಾಸ್ತರನಿಗೆ ಬ್ಯಾಟು ಕೊಡುತ್ತ, "ಮೆಲ್ಲಕ ಆಡ್ರಿ ಮಾಸ್ತರ, ಚೆಂಡು..." ಎಂದ. ಮಾಸ್ತರ ಆಗಲೇ ಮುಂದೆ ಹೋಗಿದ್ದ.

ಮಾಸ್ತರನ ಮೊದಲ ಹೊಡೆತಕ್ಕೇ ಚೆಂಡು ಬಾಯಿ ಬಿಟ್ಟಿತು. ತೊಗಲು ಒಂದು ಕಡೆ, ದಾರ ಬಿಚ್ಚಿಕೊಂಡ ಗಡ್ಡೆ ಒಂದು ಕಡೆ. ಇಡೀ ಕೊಪ್ಪಳದಲ್ಲಿ ಇನ್ನೊಂದು ಚೆಂಡಿರಲಿಲ್ಲ. ಗೆಲುವೂ ಇಲ್ಲ, ಸೋಲೂ ಇಲ್ಲ, ಅಲ್ಲಿಗೆ ಆಟ ನಿಂತಿತು. ಊಟದ ಹೊತ್ತಿನ ಮಾತು ವಿರೂಪಾಕ್ಷಪ್ಪನ ತಲೆಗೆ ಬಂದದ್ದು ಆಗ.

ಹೊರಡುವಾಗ ಗಂಗಾವತಿಯ ಕ್ಯಾಪ್ಟನ್ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಎಲ್ಲರೆದುರು ಹೇಳಿದ: "ತಮ್ಮ ಊರವನ್ನ ಔಟ್ ಕೊಡಬೇಕಂದ್ರ ಎದಿ ಬೇಕ್ರಿ. ಧರ್ಮರಾಯ ಅದಾರ ನೋಡ್ರಿ ಈ ಸಾವಕಾರ್ರು!" ಜನ ಚಪ್ಪಾಳೆ ತಟ್ಟಿದರು. ಅತ್ತ ಗಾಳೆಪ್ಪ ಬಯಲಿನಲ್ಲಿ ಬಗ್ಗಿ ಚೆಂಡಿನ ಚೂರುಗಳನ್ನು ಆರಿಸಿ ಧೋತರದ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದ.

ಹದಿನೈದು ದಿನದಲ್ಲಿ ಚೆಂಡು ಹೊಲಿದು ತಂದುಕೊಟ್ಟ. ಚೆಂಡು ಜೋರು ಹೊಡೆತಕ್ಕೆ ತಡೆಯದೆಂದೇ ಗಾಳೆಪ್ಪ ಮೆಲ್ಲಗೆ ಆಡಿದ್ದು ಎಂಬುದು ಮಾಸ್ತರನಿಗೆ ಅಷ್ಟರಲ್ಲಿ ತಿಳಿದಿತ್ತು. "ನೀನೊಬ್ಬನ ಸರಿ ಆಡಿದ್ಯೋ ಗಾಳೆಪ್ಪ. ಮುಂದಿನ ಸಲಾನೂ ಬಾ" ಎಂದು ಅಂಗಡಿಯ ಮುಂದೆಯೇ ಕರೆದ. ನಾಲ್ಕು ವರ್ಷದ ಬಾಗಿಲು ತಾನಾಗಿ ತೆರೆದಿತ್ತು.

"ಬ್ಯಾಡ್ರಿ ಮಾಸ್ತರ. ನನಗ ಆಟ ತಿಳಿಯಂಗಿಲ್ರಿ" ಎಂದು ಗಾಳೆಪ್ಪ ಕೈ ಮುಗಿದ.

ತೊಗರಿಬೇಳೆ ತೂಗುತ್ತಿದ್ದ ವಿರೂಪಾಕ್ಷಪ್ಪ ಆಗ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಸಿಟ್ಟಾಗಿದ್ದಾನೆ, ಇಳಿಯಲಿ, ನಾಳೆ ಹೇಳಿದರಾಯಿತು ಎಂದುಕೊಂಡ. ನಿಜ ಹೇಳಬೇಕೆಂದರೆ ಧರ್ಮರಾಯನ ಹೆಸರು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಗಿರಾಕಿಗಳು ಬಂದು, "ತನ್ನವ ಅಂತ ನೋಡಲಿಲ್ಲಂತ್ರಿ ನೀವು" ಎನ್ನುವಾಗ ಒಳಗೆ ಚುಚ್ಚುತ್ತಿತ್ತು, ಆದರೂ ಕೇಳಲು ಹಿತವಾಗಿರುತ್ತಿತ್ತು. ನಾಳೆ ಅಂದವನ ಮನೆ ಹಾಳು ಅನ್ನುತ್ತಾರಲ್ಲ, ಹಾಗಾಯಿತು. ಒಂದು ನಾಳೆ ನಾಲ್ಕು ವರ್ಷವಾಯಿತು. ದಿನಾ ಬೆಳಿಗ್ಗೆ ಗಾಳೆಪ್ಪ ಬೇವಿನ ಮರದ ಕೆಳಗಿಂದ ನಮಸ್ಕಾರ ಮಾಡುತ್ತಿದ್ದ. ವಿರೂಪಾಕ್ಷಪ್ಪ ತಲೆಯಾಡಿಸಿ ಒಳಗೆ ಹೋಗುತ್ತಿದ್ದ. ಕಟ್ಟೆಯ ಮೇಲೆ ನಿಧಾನದ ಆಟದ ಜಗಳ ಎದ್ದಾಗಲೆಲ್ಲ ಅವನು ಲೆಕ್ಕದ ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದ. ಮರ್ದಾನಸಾಬನಿಗೆ ಎದುರಾಳಿಯೇ ಇಲ್ಲದಂತಾಯಿತು.

ನಲವತ್ತೆಂಟರಲ್ಲಿ ರಜಾಕಾರರ ಗಲಾಟೆ ಜೋರಾದಾಗ ವಿರೂಪಾಕ್ಷಪ್ಪ ಅಂಗಡಿಗೆ ಬೀಗ ಹಾಕಿ ಮನೆಮಂದಿಯೊಂದಿಗೆ ಸಂಸ್ಥಾನದ ಗಡಿ ದಾಟಿ ಗದಗಿಗೆ ಹೋದ. ಅಲ್ಲಿ ಕೆಲಸವಿಲ್ಲದೆ ಕೂತಾಗ ಅದೊಂದೇ ಚಿಂತೆ: ಊರಿಗೆ ಹೋದ ದಿನವೇ ಅವನಿಗೆ ಹೇಳಿಬಿಡಬೇಕು. ದಸರೆಯ ಹೊತ್ತಿಗೆ ತಿರುಗಿ ಬಂದ. ಬೇವಿನ ಮರದ ಕೆಳಗೆ ತೊಗಲು ಬಡಿಯುವ ಕಲ್ಲು ಮಾತ್ರ ಇತ್ತು.

"ಶ್ರಾವಣದಾಗ ಹ್ವಾದ್ರಿ. ವಾಂತಿಭೇದಿ. ಎರಡ ದಿನ" ಎಂದ ಮರ್ದಾನಸಾಬ.

ವಿರೂಪಾಕ್ಷಪ್ಪ ಜನ್ಮದಲ್ಲಿ ಮೊದಲ ಸಲ ಗಾಳೆಪ್ಪನ ಓಣಿಗೆ ಹೋದ. ಹುಲಿಗವ್ವ ಬಾಗಿಲಿಗೆ ಬಂದು, ಗಾಬರಿಯಿಂದ ಸೆರಗು ಹೊದ್ದು ನಿಂತಳು. ಅವನು, "ಗಾಳೆಪ್ಪಗ ನನ್ನ ಮ್ಯಾಲ ಭಾಳ ಸಿಟ್ಟಿತ್ತೇನವ್ವಾ?" ಎಂದ.

"ಸಿಟ್ಟು ಎದಕ್ರಿ? ನಿಮ್ಮ ಮ್ಯಾಲ ಒಂದ ಮಾತು ಆಡಗೊಡತಿರಲಿಲ್ಲ ನಮ್ಮ ಮನ್ಯಾಂವ. ಸಿಟ್ಟೆಲ್ಲಾ ತನ್ನ ಕಿವಿ ಮ್ಯಾಲ. 'ಬ್ಯಾಟಿಗೆ ಬಡದ ಸಪ್ಪಳ ನನಗ ಕೇಳಿಸಿತ್ತು ಹುಲಿಗಿ. ಆದ್ರ ಸಾವಕಾರ್ರು ಸುಳ್ಳ ಹೇಳೋರಲ್ಲ. ನನ್ನ ಕಿವಿನ ಕೆಟ್ಟೈತಿ. ಬ್ಯಾಟಿಗೆ ಬಡದದ್ದೋ ಕಾಲಿಗೆ ಬಡದದ್ದೋ ತಿಳೀದವ ಆಡಬಾರದು' ಅಂತಿದ್ದ. ಆಮ್ಯಾಲ ಚೆಂಡೂ ಹೊಲಿಲಿಲ್ಲ ನೋಡ್ರಿ, ನಿಮಗ ಕೊಟ್ಟದ್ದ ಕಡೀದು."

ವಿರೂಪಾಕ್ಷಪ್ಪ ಬಿಕ್ಕಿ ಅತ್ತುಬಿಟ್ಟ, ಐವತ್ತು ದಾಟಿದ ಗಂಡಸು, ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ.

"ಅವನ ಕಿವಿ ಕೆಟ್ಟಿರಲಿಲ್ಲವ್ವಾ. ನನಗೂ ಕೇಳಿಸಿತ್ತು."

ಹುಲಿಗವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇದನ್ನ ಅವಂಗ ಹೇಳಬೇಕಿತ್ತಲ್ರಿ, ಸಾವಕಾರ್ರ" ಎಂದಳು.

ಅಂಗಡಿಯಿಂದ ಬೇವಿನ ಮರಕ್ಕೆ ಇಪ್ಪತ್ತು ಹೆಜ್ಜೆ. ನಾಲ್ಕು ವರ್ಷದಲ್ಲಿ ವಿರೂಪಾಕ್ಷಪ್ಪನಿಗೆ ಅಷ್ಟು ನಡೆಯಲು ಆಗಿರಲಿಲ್ಲ.